ತಿಳಮಾತಿ ಬಂಡೆಯಲ್ಲಿ ನೀಲಿಕಲ್ಲು ಅಳೆದದ್ದು

"ಬೋಟಿಲ್ಲ, ಅನುದಾನ ಇಲ್ಲ, ನೀನೇನು ಅಳೀತೀಯಾ?" ಎಂದು ನಕ್ಕವರೇ ಈಗ ನಾನು ತೆಗೆದ ಫೋಟೋ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರವಾರದ ಹತ್ತಿರ ಮಾಜಾಳಿಯ ತಿಳಮಾತಿ ಕಡಲತೀರದಲ್ಲಿ ನೀಲಿಕಲ್ಲು, ಅಂದರೆ ಕಲ್ಲಿಗೆ ಅಂಟಿ ಬೆಳೆಯುವ, ತಿನ್ನುವ ಚಿಪ್ಪುಜೀವಿ, ಬಂಡೆಯ ಎಷ್ಟು ಎತ್ತರದವರೆಗೆ ಹಿಡಿದಿರುತ್ತದೆ ಎಂದು ಪ್ರತಿ ವರ್ಷ ಅದೇ ಜಾಗದಲ್ಲಿ ನೋಡಬೇಕಿತ್ತು, ಅಷ್ಟೇ. ಮೊದಲ ವರ್ಷ ಆಯಿಲ್ ಪೇಂಟಿನ ಗುರುತು ಹಾಕಿದೆ. ಮಳೆಗಾಲದ ಅಲೆಗೆ ಒಂದೂ ಉಳಿಯಲಿಲ್ಲ. ಮರುವರ್ಷ ಸ್ಟೀಲ್ ಬೋಲ್ಟ್. ಹನ್ನೆರಡರಲ್ಲಿ ಏಳನ್ನು ಯಾರೋ ಬಿಚ್ಚಿಕೊಂಡು ಹೋದರು. ಅವರಿಗೆ ಗುಜರಿಯಲ್ಲಿ ಎಷ್ಟು ಸಿಕ್ಕಿತೋ, ಡ್ರಿಲ್ ಬಾಡಿಗೆ ಸೇರಿ ನನಗೆ ₹4,000ದಷ್ಟು ಹೋಯಿತು. ಮೂರನೇ ಸಲ ಬೋಲ್ಟಿನ ತಲೆ ಕತ್ತರಿಸಿ, ಬಂಡೆಯ ಮಟ್ಟಕ್ಕೇ ಕೂರಿಸಿ ಎಪಾಕ್ಸಿ ಅಂಟು ತುಂಬಿದೆ. ಒದ್ದೆ ಕಲ್ಲಿಗೆ ಅದು ಕಚ್ಚುವ ಹಾಗೆ ಮಾಡುವ ಉಪಾಯ ಒಂದಿದೆ. ಅದು ನನ್ನ ಹತ್ತಿರವೇ ಇರಲಿ.

ಆಮೇಲೆ ಸುಲಭ. ಡಿಸೆಂಬರ್ ಅಮಾವಾಸ್ಯೆಯ ಇಳಿತದಲ್ಲಿ ಪಿವಿಸಿ ಪೈಪಿನ ಅರ್ಧ ಮೀಟರ್ ಚೌಕ ಬಂಡೆಯ ಮೇಲಿಟ್ಟು ಒಂದು ಫೋಟೋ. ಒಂದು ಫೋನ್ ಸಮುದ್ರಪಾಲಾಯಿತು, ಮನೆಯಲ್ಲಿ ಬೈಗುಳವೂ ಆಯಿತು.

ನಡುವೆ ಒಂದು ಹುಚ್ಚು. ಅಮೆರಿಕದ ಕಡಲ ವಿಜ್ಞಾನಿ ಬ್ರಯಾನ್ ಹೆಲ್ಮತ್ ರೋಬೋಮಸಲ್ ಅಂತ ಮಾಡಿದ್ದಾರೆ, ಇಂಥ ಚಿಪ್ಪುಜೀವಿಯ ಮೈಬಿಸಿ ಅಳೆಯುವ ನಕಲಿ ಚಿಪ್ಪು. ಅದರ ನಕಲು. ಖಾಲಿ ಚಿಪ್ಪಿಗೆ ಸಿಲಿಕೋನ್ ತುಂಬಿ ಒಳಗೆ ತಾಪಮಾನ ದಾಖಲಿಸುವ ಪುಟ್ಟ ಲಾಗರ್ ಇಟ್ಟೆ. ಒಂದಕ್ಕೆ ₹3,000 ಚಿಲ್ಲರೆ, ಮೂರರಲ್ಲಿ ಎರಡಕ್ಕೆ ನೀರು ನುಗ್ಗಿತು. ಉಳಿದದ್ದು ಮಾರ್ಚ್‌ನ ಒಂದು ಮಧ್ಯಾಹ್ನ ಹತ್ತಿರ ಹತ್ತಿರ 42 ಡಿಗ್ರಿ ತೋರಿಸಿತು. ಗಾಳಿ ಆಗ 33ರ ಆಸುಪಾಸು. ನೀಲಿಕಲ್ಲಿನ ಮೇಲಂಚು ಕೆಳಗಿಳಿಯುತ್ತಿರುವುದಕ್ಕೆ ಕಾರಣ ಬಿಸಿಲೇ, ಸಿಕ್ಕೇಬಿಟ್ಟಿತು ಎಂದು ಕುಣಿದೆ.

ನೀಲಿಕಲ್ಲು ಕೀಳಲು ಬಂದ ಅಕ್ಕ ಒಬ್ಬರು ಕೇಳಿ ನಕ್ಕರು. "ಮೇಲಿಂದು ನಾವೇ ಕಿತ್ತದ್ದಲ್ವಾ ತಮ್ಮಾ? ಬಿಸಿಲಿಗೆ ಯಾಕೆ ಬೈತೀರಿ?" ಮುಖಕ್ಕೆ ಹೊಡೆದ ಹಾಗಾಯಿತು. ಮರುವಾರವೇ ಅರ್ಧ ಗುರುತುಗಳನ್ನು ಯಾರೂ ಇಳಿಯಲಾಗದ ಕೊರಕಲಿಗೆ ಹಾಕಿದೆ. ಮೂರು ವರ್ಷದಲ್ಲಿ ಕೀಳುವ ಕಡೆ ಅಂಚು ಒಂದು ಗೇಣು ಕೆಳಗೆ ಬಂದಿದೆ. ಕೊರಕಲಲ್ಲಿ ನಾಲ್ಕು ಬೆರಳು. ಗೇಣಿನಲ್ಲಿ ಅಕ್ಕನ ಪಾಲೇ ಜಾಸ್ತಿ.

ಆ ನಾಲ್ಕು ಬೆರಳನ್ನು ಕಡಲ ಬಿಸಿಗೆ ಬರೆಯಲು ಮೂರು ವರ್ಷ ಸಾಲದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ನಮ್ಮ ನೀಲಿಕಲ್ಲಿನ ದಾಯಾದಿಯ ದಕ್ಷಿಣದ ಗಡಿ ಸುಮಾರು 350 ಕಿ.ಮೀ. ಉತ್ತರಕ್ಕೆ ಸರಿದದ್ದು ಪತ್ತೆಯಾದದ್ದೇ ಯಾರೋ ಹಿಂದೆ ಬರೆದಿಟ್ಟಿದ್ದರಿಂದ. ನಮ್ಮಲ್ಲಿ ಆ ಹಳೇ ಪುಟ ಎಲ್ಲಿದೆ? ಈ ಅಮಾವಾಸ್ಯೆಗೆ ಮತ್ತೆ ಹೋಗುತ್ತೇನೆ, ಫೋನಿಗೆ ದಾರ ಕಟ್ಟಿಕೊಂಡು.