ಕಾಫಿ ಕುಯ್ಲು ಮತ್ತು ಹಾಜರಿ ಪುಸ್ತಕ: ನನ್ನ ಅನುಭವ

ದಕ್ಷಿಣ ಕೊಡಗಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು, ಮಕ್ಕಳು ಶಾಲೆ ಬಿಡುವುದಕ್ಕೆ ಬಡತನವೊಂದೇ ಕಾರಣವೆಂದು ಬಹುಕಾಲ ನಂಬಿದ್ದೆ. ಜನವರಿಯಲ್ಲಿ ರೊಬಸ್ಟಾ ಕಾಫಿಯ ಕುಯ್ಲು ಬಿರುಸಾದೊಡನೆ ಲೈನ್‌ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳು) ಮತ್ತು ಹಾಡಿಗಳ (ಬುಡಕಟ್ಟು ಜನರ ವಸತಿಗಳು) ಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟುತ್ತಿತ್ತು. ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟದಲ್ಲಿ ಇನ್ನೆರಡು ಕೈ ಸೇರಿದರೆ ಸಂಜೆಯ ತೂಕ ಏರುತ್ತದೆ. ಆ ಲೆಕ್ಕ ಹಾಕುವ ತಾಯಿಯನ್ನು ನಾನು ಇಂದಿಗೂ ದೂರಲಾರೆ.

ಒಂದು ಬೇಸಿಗೆ ರಜೆಯಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ಹರಡಿಕೊಂಡು ಕುಳಿತಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ಲೈನಿನ, ಒಂದೇ ಕೂಲಿಯ ಮನೆಗಳಿಂದ ಕುಯ್ಲಿಗೆ ಹೋದವರಲ್ಲಿ ಕೆಲವರು ಮಾರ್ಚಿಗೆ ಮರಳಿದ್ದರು, ಕೆಲವರು ಮರಳಿರಲಿಲ್ಲ. ಮರಳದವರಲ್ಲಿ ಹೆಚ್ಚಿನವರು ಎಂಟನೆಯ ತರಗತಿಗೆ ಸೇರುವಾಗಲೇ ಕನ್ನಡದ ಒಂದು ಪುಟವನ್ನು ತಡವರಿಸದೆ ಓದಲಾರದವರು. ಮನೆಯಲ್ಲಿ ಯರವ ಬುಡಕಟ್ಟಿನ ನುಡಿಯಾಡುವ ಮಗು, ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನಿಭಾಯಿಸುವ ಶಾಲೆಯಲ್ಲಿ, ಅಕ್ಷರ ಕೂಡಿಸಲು ಕಲಿಯುವ ಮುನ್ನವೇ ಮುಂದಿನ ತರಗತಿಗೆ ದಾಟಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ 14 ವರ್ಷಕ್ಕೆ ಮುಗಿಯುತ್ತದೆ. ಆಮೇಲೂ ಮಗು ಉಳಿಯಬೇಕಾದರೆ ಪಾಠ ದಕ್ಕುತ್ತಿದೆಯೆಂದು ಅದಕ್ಕೇ ಅನಿಸಬೇಕು.

ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಕರೆಯಲು ಹೋದಾಗ ಅವನು ಕಾಫಿಯ ಅಂಟಿನಿಂದ ಕಪ್ಪಾದ ಅಂಗೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ, "ಕ್ಲಾಸಲ್ಲಿ ಕೂತರೆ ಏನೂ ತಲೆಗೆ ಹತ್ತಲ್ಲ ಟೀಚರ್, ಇಲ್ಲಿ ಎಷ್ಟು ಕಿಲೋ ಆಯ್ತು ಅಂತ ನಂಗೇ ಗೊತ್ತಾಗುತ್ತೆ" ಎಂದ. ಮನೆಯವರೆಲ್ಲರ ವಾರದ ಕೂಲಿಯನ್ನು ಅವನು ಬಾಯಲ್ಲೇ ಕೂಡಿಸುತ್ತಿದ್ದ, ನನ್ನ ತರಗತಿಯಲ್ಲಿ ಮಾತ್ರ ಗುಣಾಕಾರ ತಿಳಿಯದವನಾಗಿದ್ದ. ಆ ಮಾತು ನನಗೆ ಬಹಳ ನೋವು ಕೊಟ್ಟಿತು.

ಮುಂದಿನ ಜೂನ್‌ನಿಂದ ಎಂಟನೆಯ ತರಗತಿಗೆ ಪ್ರತಿದಿನ ಬೆಳಿಗ್ಗೆ ಮುಕ್ಕಾಲು ಗಂಟೆ ಕೆಳ ತರಗತಿಯ ಪುಸ್ತಕಗಳಿಂದಲೇ ಓದಿಸಿದೆವು. ಕುಯ್ಲಿನ ಕಾಲದಲ್ಲಿ ವಾರಕ್ಕೆರಡು ಸಂಜೆ ಲೈನಿನ ಬಳಿಯ ಕಣದಲ್ಲಿ ತೂಕದ ಚೀಟಿಗಳನ್ನೇ ಹಿಡಿದು ಲೆಕ್ಕ ಹೇಳಿಕೊಟ್ಟೆ. ಆನೆ ಇಳಿಯುವ ದಾರಿಯಾದ್ದರಿಂದ ಕತ್ತಲಾಗುವ ಮುನ್ನ ಹೊರಡಬೇಕಿತ್ತು. ಆ ಹುಡುಗ ಮರಳಿ ಬಂದು ಎಸ್‌ಎಸ್‌ಎಲ್‌ಸಿ ಬರೆದ.

ಅದೇ ಲೈನಿನ ಹುಡುಗಿಯೊಬ್ಬಳು ಬರಲಿಲ್ಲ. ಚೆನ್ನಾಗಿ ಓದುತ್ತಿದ್ದಳು, ಗಣಿತದಲ್ಲಂತೂ ಮುಂದಿದ್ದಳು. ತಾಯಿ ತೋಟಕ್ಕೆ ಹೋದರೆ ಎಂಟು ತಿಂಗಳ ತಮ್ಮನನ್ನು ನೋಡಿಕೊಳ್ಳುವವರು ಬೇರೆ ಇರಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ 50 ಮಹಿಳಾ ಕಾರ್ಮಿಕರಿರುವ ತೋಟಕ್ಕೆ ಶಿಶುವಿಹಾರವನ್ನು ವಿಧಿಸಿತ್ತು; ಆ ತೋಟದಲ್ಲಿದ್ದ ಹೆಂಗಸರು ಹನ್ನೊಂದು ಮಂದಿ. ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಅವಳು ಕಣದ ಅಂಚಿನಲ್ಲಿ ನಿಂತು ಪಾಠ ಕೇಳುತ್ತಿದ್ದಳು.