ಸೆರಗಿನ ಕೆಂಪು ಬಿಳಿಗೆ ಇಳಿಯದಂತೆ ಮಾಡಿದ ನನ್ನ ಅನುಭವ

ಇಳಕಲ್ ಸೀರೆಯ ತೋಪತೆನೆ ಸೆರಗಿನಲ್ಲಿ ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿ ಪಟ್ಟಿಗಳಿರುತ್ತವೆ. ಕೆಂಪು ಒಮ್ಮೆ ಬಣ್ಣ ಬಿಟ್ಟಿತೆಂದರೆ ಆ ಬಿಳಿ ಗುಲಾಬಿಯಾಗುತ್ತದೆ, ಸೀರೆ ತಿರುಗಿ ನೇಕಾರನ ಮನೆಗೇ ಬರುತ್ತದೆ. ಐದಾರು ವರ್ಷಗಳ ಹಿಂದೆ ಒಂದೇ ಮದುವೆ ಹಂಗಾಮಿನಲ್ಲಿ ನನ್ನ ಹನ್ನೊಂದು ಸೀರೆಗಳು ಹೀಗೆ ಮರಳಿದವು. ಸೆರಗು ಮತ್ತು ದಡಿಯ ರೇಷ್ಮೆಗೆ ಮಂಜಿಷ್ಠವೆಂಬ ಬಳ್ಳಿಯ ಕೆಂಪು ಬೇರಿನಿಂದಲೇ ಬಣ್ಣ ಹಾಕುತ್ತೇನೆಂದು ಹಟ ಹಿಡಿದದ್ದು ಆಗ. ಓಣಿಯ ಹಿರಿಯ ಬಣ್ಣಗಾರರು, "ತಮ್ಮಾ, ನಮ್ಮ ಬೋರಿನ ಸವಳ ನೀರಾಗ ಬೇರಿನ ಬಣ್ಣ ಏಳೂದಿಲ್ಲ" ಎಂದು ನಕ್ಕರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಬಣ್ಣ ಹಾಕುವ ಮೊದಲು ಕಚ್ಚಾ ರೇಷ್ಮೆಯ ಎಳೆಗಿರುವ ಗೋಂದು ತೆಗೆಯಲು ಹಾಕಿದ ಸಾಬೂನು ಬೋರಿನ ನೀರಿನಲ್ಲಿ ನೊರೆ ಬರುವ ಬದಲು ಮೊಸರಿನಂತೆ ಒಡೆದು ನೂಲಿನ ಲಡಿಗಳಿಗೆ ಮೆತ್ತಿಕೊಂಡಿತು. ಎರಡು ಕಿಲೋ ರೇಷ್ಮೆ, ಅಂದರೆ ಹತ್ತು ಸಾವಿರದ ಆಸುಪಾಸಿನ ಮಾಲು, ಚುಕ್ಕೆ ಚುಕ್ಕೆಯಾಗಿ ಹಾಳಾಯಿತು. ಮುಂದಿನ ಸಲ ರಾಸಾಯನಿಕ ಬಣ್ಣದ ಅಭ್ಯಾಸದಲ್ಲಿಯೇ ಬೇರಿನ ಬಣ್ಣದ ನೀರನ್ನು ಕುದಿಸಿದ್ದರಿಂದ ಕೆಂಪು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಅದಾದ ಮೇಲೆ, ಲಡಿ ತಿರುವಲು ಕೈಗೆ ಸಿಕ್ಕ ಕಬ್ಬಿಣದ ಸಲಾಕೆ ಬಳಸಿದ ದಡ್ಡತನಕ್ಕೆ ಬದನೆಕಾಯಿ ಬಣ್ಣ ಬಂದಿತು. ಮಗ್ಗ ಎರಡು ತಿಂಗಳು ಖಾಲಿ ನಿಂತದ್ದನ್ನೂ ಸೇರಿಸಿದರೆ ನಲವತ್ತೈದು ಸಾವಿರದಷ್ಟು ಕಳೆದಿರಬೇಕು.

ದಾರಿ ತೋರಿಸಿದ್ದು ಸುಟ್ಟುಹೋದ ಬೋರಿನ ಮೋಟಾರು. ಅಂದು ಶುದ್ಧ ಕುಡಿಯುವ ನೀರಿನ ಘಟಕದಿಂದ ಐದು ರೂಪಾಯಿಗೊಂದರಂತೆ ಕ್ಯಾನು ಹೊತ್ತು ತಂದು ಗೋಂದು ತೆಗೆದೆ. ಮೋಟಾರು ದುರಸ್ತಿಯಾದ ಮೇಲೆ ಬಣ್ಣವನ್ನು ಬೋರಿನ ನೀರಿನಲ್ಲಿಯೇ ಹಾಕಿದೆ. ಆ ದಿನ ಎದ್ದ ಕೆಂಪು ಅದಕ್ಕಿಂತ ಮೊದಲು ಒಮ್ಮೆಯೂ ಎದ್ದಿರಲಿಲ್ಲ. ನಂಬಿಕೆ ಬಾರದೆ ಮುಂದಿನ ತಿಂಗಳು ಎರಡೂ ಕೆಲಸಗಳನ್ನು ಘಟಕದ ನೀರಿನಲ್ಲಿಯೇ ಮಾಡಿ ನೋಡಿದಾಗ ಬಣ್ಣ ತೆಳ್ಳಗಾಗಿ ಕಿತ್ತಳೆಯ ಕಡೆಗೆ ವಾಲಿತು. ಮಂಜಿಷ್ಠಕ್ಕೆ ಸುಣ್ಣದಂಶ ಬೇಕು, ಸಾಬೂನಿಗೆ ಅದು ಬೇಡ. ಸುಣ್ಣದಂಶ ತುಂಬಿದ, ಹಿರಿಯರು ದೂರಿದ ಆ ಸವಳು ನೀರೇ ನನ್ನ ಬಂಡವಾಳವಾಯಿತು.

ಈಗ ಗೋಂದು ತೆಗೆಯಲು ಮಳೆನೀರು ಅಥವಾ ಘಟಕದ ನೀರನ್ನೇ ಬಳಸುತ್ತೇನೆ. ಗೋಂದು ಹೋದಾಗ ರೇಷ್ಮೆಯ ತೂಕ ಕಾಲು ಭಾಗದಷ್ಟು ಇಳಿಯುತ್ತದೆ, ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. ಬಣ್ಣ ಹಿಡಿಸಲು ಕಿಲೋ ರೇಷ್ಮೆಗೆ ನೂರೈವತ್ತು ಗ್ರಾಂ ಪಟಿಕ ಸಾಕು. ಮೊದಲು ಮುನ್ನೂರು ಗ್ರಾಂ ಹಾಕುತ್ತಿದ್ದಾಗ ನೂಲು ಒರಟಾಗಿ, ಒಡಲಿನ ಹಾಸಿಗೂ (ಮಗ್ಗದ ಉದ್ದನೆಯ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಹೊತ್ತಿನಲ್ಲಿ ಎಳೆಗಳು ಪಟಪಟನೆ ತುಂಡಾಗುತ್ತಿದ್ದವು. ಸೀರೆಗೊಮ್ಮೆ ಕೊಂಡಿ ಹಾಕಿಯೇ ನೇಯುವ ನಮಗೆ ಅದು ಎಂತಹ ಶಿಕ್ಷೆ ಎಂದು ಬಿಡಿಸಿ ಹೇಳಬೇಕಿಲ್ಲ. ಬೇರು ಒಂದೂವರೆ ಕಿಲೋ, ಸ್ಟೀಲಿನ ಪಾತ್ರೆ, ಕೈ ಅದ್ದಲಾಗದಷ್ಟು ಬಿಸಿ, ಆದರೆ ಕುದಿ ಬರಬಾರದು. ಒಂದೂವರೆ ಗಂಟೆಯ ನಂತರ ಒಲೆ ಆರಿಸಿ ರಾತ್ರಿಯಿಡೀ ಅದರಲ್ಲಿಯೇ ಬಿಡುತ್ತೇನೆ. ಹಿಂದಿನ ರಾತ್ರಿ ಬೇರನ್ನು ಯಾವುದರಲ್ಲಿ ನೆನೆಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ, ಅದು ಮನೆಯ ಗುಟ್ಟು.

ಉಳಿದ ಬಣ್ಣದ ನೀರು ಚೆಲ್ಲಲು ಮನಸ್ಸಾಗದೆ ಮಾವನವರು ತಲೆಗೆ ಸುತ್ತುವ ಹತ್ತಿಯ ಪಟಕವನ್ನು ಅದರಲ್ಲಿ ಅದ್ದಿದ್ದೆ. ಅಳಲೆಕಾಯಿಯ ನೀರು ಕುಡಿಸದ ಹತ್ತಿ ಬಣ್ಣ ಹಿಡಿಯದೆ ಮಾಸಲು ಗುಲಾಬಿಯಾಯಿತು, ಅವರು ಅದನ್ನು ಸುತ್ತಲೇ ಇಲ್ಲ. ಅಳಲೆ, ಪಟಿಕ ಎರಡನ್ನೂ ಕೊಟ್ಟು ಮಾಡಿದ ಎರಡನೆಯ ಪಟಕವನ್ನು ಬಾದಾಮಿಯ ಬನಶಂಕರಿ ಜಾತ್ರೆಗೆ ಸುತ್ತಿಕೊಂಡು ಹೋದರು. ದಾಳಿಂಬೆ ಸಿಪ್ಪೆಯ ಹಳದಿಯನ್ನೂ ಪ್ರಯತ್ನಿಸಿದ್ದೇನೆ, ಆದರೆ ಹಳದಿ ಸೆರಗನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಕೈಯಲ್ಲಿ ಹಿಡಿದೂ ನೋಡಲಿಲ್ಲ.

ಪ್ರತಿ ಲಡಿಗೂ ಬಿಳಿ ಬಟ್ಟೆಯ ಚೂರನ್ನು ಹೊಲಿದು ಮೂರು ಸಲ ಒಗೆಯದೆ ನಾನು ಹಾಸು ಹಾಕುವುದಿಲ್ಲ. ಸೀರೆಗೆ ಏಳು ನೂರು ರೂಪಾಯಿಯಷ್ಟು ಖರ್ಚು ಹೆಚ್ಚಾಗುತ್ತದೆ, ಎರಡು ಸಾವಿರ ಹೆಚ್ಚು ಬೆಲೆ ಸಿಗುತ್ತದೆ. ಕಳೆದ ಎರಡು ವರ್ಷಗಳಲ್ಲಿ ಅರವತ್ತಕ್ಕೂ ಹೆಚ್ಚು ಸೀರೆಗಳು ಹೋಗಿವೆ. ಮರಳಿ ಬಂದದ್ದು ಒಂದು, ಅದೂ ಸೆರಗನ್ನು ಇಲಿ ಕಡಿದಿತ್ತೆಂದು.