ಕಾಫಿ ತೋಟದ ಲೈನ್‌ಗಳಲ್ಲಿ ದಡಾರ ಲಸಿಕೆ: ನಾವು ಮಾಡುವ ರೀತಿ

ಮೂಡಿಗೆರೆ ಕಡೆ ಕಾಫಿ ಕೊಯ್ಲು ಶುರುವಾದರೆ ಲೈನ್ ಮನೆಗಳು, ಅಂದರೆ ಕೂಲಿಕಾರರ ಸಾಲುಮನೆಗಳು, ತುಂಬುತ್ತವೆ. ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು ಅಂಗನವಾಡಿ ಪಟ್ಟಿಯಲ್ಲಿ ಇರುವುದಿಲ್ಲ. ಗುರುವಾರದ ಲಸಿಕೆಗೆ ತಾವಾಗಿ ಬರುತ್ತಾರೆಂದು ಕಾಯುವುದು ದಂಡ. ತೋಟದ ರೈಟರ (ಗುಮಾಸ್ತರ) ಹಾಜರಿ ಪುಸ್ತಕದಿಂದ ಸಂಸಾರಗಳನ್ನು ಗುರುತು ಹಾಕಿಕೊಂಡು, ಆಶಾ ಜೊತೆ ಲೈನ್ ಸುತ್ತಿ ಪಟ್ಟಿ ಮಾಡುತ್ತೇವೆ. ಎಲ್ಲರೂ ಕೈಗೆ ಸಿಗುವುದು ಬಟವಾಡೆ ದಿನವೇ.

9 ತಿಂಗಳು ತುಂಬಿದಾಗ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಮೊದಲ ಡೋಸ್, 16ರಿಂದ 24 ತಿಂಗಳಲ್ಲಿ ಎರಡನೆಯದು. ತಾಯಿ ಕಾರ್ಡ್ ಇಲ್ಲದೆ ‘ಊರಲ್ಲೇ ಹಾಕಿಸಿದ್ದೀವಿ’ ಅಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 16 ತಿಂಗಳು ದಾಟಿ 5 ವರ್ಷದೊಳಗಿರುವ ಮಗುವಿಗೆ ಈಗಲೇ ಒಂದು, ಕನಿಷ್ಠ ಒಂದು ತಿಂಗಳು ಬಿಟ್ಟು ಇನ್ನೊಂದು. ಹೆಚ್ಚುವರಿ ಡೋಸ್ ಬಿದ್ದರೂ ತೊಂದರೆಯಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಡೈಲ್ಯೂಯೆಂಟ್‌ನಲ್ಲಿ, ಅಂದರೆ ಲಸಿಕೆಯ ಪುಡಿಗೆ ಬೆರೆಸುವ ದ್ರವದಲ್ಲಿ. ಕಪಾಟಿನಿಂದ ತೆಗೆದು ಬಿಸಿಯಾಗಿಯೇ ಬೆರೆಸಿದರೆ ಲಸಿಕೆಯ ಜೀವಂತ ವೈರಸ್ ಅಲ್ಲೇ ಸಾಯುತ್ತದೆ. ಹಿಂದಿನ ದಿನವೇ ಅದನ್ನು ಐಎಲ್‌ಆರ್‌ನಲ್ಲಿ (ಲಸಿಕೆ ಇಡುವ ಫ್ರಿಜ್‌ನಲ್ಲಿ) ಇಟ್ಟು 2–8 ಡಿಗ್ರಿಗೆ ತರಬೇಕು, ಲಸಿಕೆಯ ಕಂಪನಿಯದೇ ಆಗಿರಬೇಕು. ಐಸ್‌ಪ್ಯಾಕ್‌ಗಳನ್ನು ಹೊರಗಿಟ್ಟು, ಮೈಮೇಲೆ ಬೆವರು ಮೂಡಿ, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೇ ಲಸಿಕೆ ಒಯ್ಯುವ ಕ್ಯಾರಿಯರ್ ಪೆಟ್ಟಿಗೆಗೆ ಹಾಕುತ್ತೇವೆ. ಎಂಆರ್ ಪುಡಿಗೆ ಹೆಪ್ಪಿನ ಭಯವಿಲ್ಲ. ಆದರೆ ಪಕ್ಕದಲ್ಲಿರುವ ಪೆಂಟಾವೇಲೆಂಟ್ ಲಸಿಕೆ (ಐದು ರೋಗಗಳಿಗೆ ಒಂದೇ ಲಸಿಕೆ) ಹೆಪ್ಪುಗಟ್ಟಿದರೆ ಎಸೆಯಬೇಕು, ಡೈಲ್ಯೂಯೆಂಟ್ ಆಂಪ್ಯೂಲೂ ಒಡೆಯಬಹುದು.

ಬೆರೆಸಿದ ಹೊತ್ತನ್ನು ವಯಲ್ (ಲಸಿಕೆ ಸೀಸೆ) ಮೇಲೆ ಬರೆಯುತ್ತೇವೆ. 4 ಗಂಟೆ ಮೀರಿದರೆ ಎಷ್ಟೇ ಉಳಿದಿರಲಿ, ಬಳಸುವಂತಿಲ್ಲ. ಇದರಲ್ಲಿ ಸಂರಕ್ಷಕವಿಲ್ಲ, ಬ್ಯಾಕ್ಟೀರಿಯಾ ಬೆಳೆದರೆ ಮಗುವಿನ ಜೀವಕ್ಕೇ ಅಪಾಯ. ಮಲೆನಾಡಿನ ಚಳಿ ನಂಬಿ ಮೇಜಿನ ಮೇಲೆ ಬಿಡುವವರಿದ್ದಾರೆ, ಅದು ಸಲ್ಲದು. ಬಿಸಿಲು ಬಿದ್ದರಂತೂ ಕೆಟ್ಟಿತು. ಬಲ ತೋಳಿನ ಮೇಲ್ಭಾಗ, ಚರ್ಮದಡಿ, 0.5 ಮಿ.ಲೀ.

ಇನ್ನು ನಿಗಾ. ಜ್ವರದ ಜೊತೆ ಕೆಂಪು ದದ್ದು ಕಂಡರೆ ಸಾಕು, ವರದಿ ಮಾಡುತ್ತೇವೆ. ದಡಾರವೋ ಅಲ್ಲವೋ ಎಂದು ತೀರ್ಮಾನಿಸುವುದು ಲ್ಯಾಬ್‌ಗೆ ಬಿಟ್ಟದ್ದು. ‘ಅಮ್ಮ ಬಂದಿದೆ’ ಎಂದು ಬೇವಿನ ಸೊಪ್ಪು ಕಟ್ಟಿದ ಮನೆಯಲ್ಲಿ ಜಗಳಕ್ಕಿಳಿದರೆ ಮುಂದಿನ ಮನೆಯ ಬಾಗಿಲೂ ಮುಚ್ಚುತ್ತದೆ. ಸೊಪ್ಪು ಇರಲಿ, ವಿಟಮಿನ್ ಎ ಕೂಡ ಇರಲಿ: 6–11 ತಿಂಗಳಿಗೆ 1 ಲಕ್ಷ ಯೂನಿಟ್, ವರ್ಷ ತುಂಬಿದವರಿಗೆ 2 ಲಕ್ಷ, ಅಷ್ಟೇ ಮರುದಿನವೂ. ದದ್ದು ಎದ್ದ ಮೇಲೆ 4 ದಿನ ಮಗುವನ್ನು ಬೇರೆ ಮಕ್ಕಳಿಂದ ದೂರ ಇಡಬೇಕು.

ಲ್ಯಾಬ್ ಪರೀಕ್ಷೆಗೆ ದದ್ದು ಎದ್ದ 28 ದಿನದೊಳಗೆ ರಕ್ತ, ಮೊದಲ ವಾರದಲ್ಲಾದರೆ ಗಂಟಲಿನ ಸ್ವಾಬ್ ಕೂಡ. ರಕ್ತವನ್ನು ತೆಗೆದ ಕೂಡಲೇ ಐಸ್‌ಗೆ ತುರುಕಬಾರದು. ರಕ್ತಕಣಗಳು ಒಡೆದು ಸೀರಂ (ರಕ್ತದ ತಿಳಿ ದ್ರವ) ಕೆಂಪಾಗುತ್ತದೆ. ಹೆಪ್ಪುಗಟ್ಟಿ ಸೀರಂ ಬೇರೆಯಾದ ಮೇಲೆ ಅದನ್ನು 2–8 ಡಿಗ್ರಿಯಲ್ಲಿ ಕಳಿಸುತ್ತೇವೆ. ಫಾರಂನಲ್ಲಿ ಕೊನೆಯ ಎಂಆರ್ ಡೋಸ್‌ನ ತಾರೀಖು ಬಿಡುವಂತಿಲ್ಲ: ಹೊಸದಾಗಿ ಲಸಿಕೆ ಬಿದ್ದ ಮಗುವಿನ ರಕ್ತದಲ್ಲೂ ಐಜಿಎಂ (ಲ್ಯಾಬ್ ಹುಡುಕುವ ಪ್ರತಿಕಾಯ) ಪಾಸಿಟಿವ್ ಬರುತ್ತದೆ.